ಮೂರು ಮೇಜಿನ ಒಂದು ಪುಸ್ತಕ

ನನ್ನ ಅತ್ತಿಗೆಗೆ ಹುಟ್ಟಿದಾಗಿನಿಂದ ಕಣ್ಣು ಕಾಣಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಡವಾಗಿ ಹೇಳಿದರೆ ಕೇಳುವವರು "ಅಯ್ಯೋ ಪಾಪ" ಎನ್ನುತ್ತಾರೆ, ಆ ಮಾತು ಕಿವಿಗೆ ಬಿದ್ದರೆ ಅತ್ತಿಗೆಗೆ ಪಿತ್ತ ನೆತ್ತಿಗೇರುತ್ತದೆ. ಮದುವೆಯಾಗಿ ಮನೆಗೆ ಬಂದ ಮೊದಲ ವಾರವೇ ಯಾರೋ ನೆಂಟರು ಹಾಗಂದಾಗ, ಅತ್ತಿಗೆ ಗಣಿತದಲ್ಲಿ ತಾವು ಓದಿದ್ದನ್ನು ಹೇಳಿ, ನೀವು ಎಷ್ಟು ಓದಿದ್ದೀರಿ ಎಂದು ಅವರನ್ನು ಎದುರೆದುರೇ ಕೇಳಿಬಿಟ್ಟರು. ನೆಂಟರು ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು. ನಮ್ಮಣ್ಣ ಒಳಗೆ ಹೋಗಿ ನಕ್ಕು ಬಂದ.

ನಾನೂ ಅತ್ತಿಗೆಯೂ ಕೆಲಸ ಮಾಡುವುದು ಒಂದೇ ಕಡೆ, ಬ್ರೈಲ್ ಪುಸ್ತಕ ಅಚ್ಚು ಹಾಕುವ ಒಂದು ಸಣ್ಣ ಮುದ್ರಣಾಲಯದಲ್ಲಿ. ಕೆಳಗೆ ಬೀಗ ರಿಪೇರಿ ಅಂಗಡಿ, ಮೇಲೆ ನಾವು. ಕಡಿದಾದ ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದು ಕೋಣೆ. ಕಿಟಕಿಯ ಪಕ್ಕ ಯಜಮಾನರ ಮೇಜು, ನಡುವೆ ನನ್ನದು, ಗೋಡೆಯ ಹತ್ತಿರ ಅತ್ತಿಗೆಯದು. ಮೂಲೆಯಲ್ಲಿ ದಪ್ಪ ಕಾಗದಕ್ಕೆ ಚುಕ್ಕಿ ಒತ್ತುವ ಯಂತ್ರ. ಅದು ಶುರುವಾದರೆ ಟಕಟಕ ಸದ್ದಿಗೆ ನಮ್ಮ ಮಾತೆಲ್ಲ ಕೂಗಾಟವಾಗುತ್ತದೆ, ನಿಂತ ಮೇಲೂ ಸ್ವಲ್ಪ ಹೊತ್ತು ಕೂಗಾಡುತ್ತಲೇ ಇರುತ್ತೇವೆ. ನಾನು ಪುಸ್ತಕಗಳನ್ನು ಟೈಪ್ ಮಾಡುವವನು. ಯಜಮಾನರು ಉಬ್ಬುಚಿತ್ರ ಬರೆದು ಪುಟ ಹೊಂದಿಸುತ್ತಾರೆ. ಕರಡು ಪ್ರತಿ ಬಂದಾಗ ಅತ್ತಿಗೆ ಬೆರಳಿನಲ್ಲಿ ಓದಿ ತಪ್ಪು ಹುಡುಕುತ್ತಾರೆ. ನನಗೆ ಗೊಣಗಪ್ಪ ಎಂದು ಅಡ್ಡಹೆಸರಿಟ್ಟವರೂ ಅವರೇ. ನಾನು ಗೊಣಗುವುದು ನಿಜ, ಆದರೆ ಅದಕ್ಕೆ ಅವರೇ ಕಾರಣ ಎಂಬುದೂ ಅಷ್ಟೇ ನಿಜ.

ನಮ್ಮ ಹಳೆಯ ಪದ್ಧತಿ ಹೀಗಿತ್ತು. ಅತ್ತಿಗೆ ತಪ್ಪುಗಳನ್ನು ಬಾಯಲ್ಲಿ ಹೇಳುವುದು, ನಾನು ತಿದ್ದುವುದು. ಫೈಲನ್ನು ಪೆನ್ ಡ್ರೈವಿಗೆ ಹಾಕಿ ಯಜಮಾನರಿಗೆ ಕೊಡುವುದು, ಅವರು ಚಿತ್ರ ಸೇರಿಸಿ ಹಿಂದಕ್ಕೆ ಕೊಡುವುದು. ಅಷ್ಟರಲ್ಲಿ ಅತ್ತಿಗೆ ಇನ್ನೊಂದು ತಪ್ಪು ಹೇಳಿರುತ್ತಾರೆ, ನಾನು ನನ್ನ ಹತ್ತಿರವಿದ್ದ ಫೈಲಿನಲ್ಲಿ ಅದನ್ನು ತಿದ್ದಿರುತ್ತೇನೆ. ಹೀಗೆ ಒಂದೇ ಪುಸ್ತಕಕ್ಕೆ ಕೊನೆಯದು, ನಿಜವಾಗಿ ಕೊನೆಯದು, ಇದೇ ಕೊನೆಯದು ಎಂದು ಮೂರು ಫೈಲು. ಅಚ್ಚಿಗೆ ಯಾವುದು ಹೋಯಿತೋ ದೇವರಿಗೇ ಗೊತ್ತು. ತಪ್ಪು ಉಳಿದರೆ ಅತ್ತಿಗೆ ಹೇಳಲು ಮರೆತರೋ, ನಾನು ತಿದ್ದಲು ಮರೆತೆನೋ, ಯಜಮಾನರು ಹಳೆಯ ಫೈಲು ತೆಗೆದರೋ, ತಿಳಿಯುವ ದಾರಿಯೇ ಇರಲಿಲ್ಲ. ಬೈಗುಳ ಮಾತ್ರ ತಪ್ಪದೆ ನನ್ನ ತಲೆಗೇ ಬರುತ್ತಿತ್ತು.

ಗಣಿತದ ಪುಸ್ತಕದಲ್ಲಿ ಹಾಗೇ ಆಯಿತು. ಒಂದು ಲೆಕ್ಕದಲ್ಲಿ ಕಳೆಯುವ ಚಿಹ್ನೆ ಬಿಟ್ಟುಹೋಗಿ, ಅಂಧ ಮಕ್ಕಳ ಶಾಲೆಯ ಟೀಚರ್ ಫೋನ್ ಮಾಡಿ ಯಜಮಾನರಿಗೆ ಚೆನ್ನಾಗಿ ಹೇಳಿದರು. ಯಜಮಾನರು ಫೋನಿಟ್ಟು ನನ್ನನ್ನು ಬೈದರು. ಬೈದು ಮುಗಿಸಿ, ಅತ್ತಿಗೆಯ ಕಡೆ ತಿರುಗಿದಾಗ ದನಿ ಬೆಣ್ಣೆಯಾಯಿತು.

"ನೀವು ಬೇಜಾರು ಮಾಡ್ಕೋಬೇಡಿ ಅಮ್ಮ. ಇದು ನಿಮ್ಮ ತಪ್ಪಲ್ಲ."

"ನನ್ನ ತಪ್ಪಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದರು ಅತ್ತಿಗೆ. "ನೋಡಿದ್ರಾ?"

"ನೋಡೋದೇನಿದೆ? ನಿಮ್ಮನ್ನ ಯಾರಾದ್ರೂ ಏನಾದ್ರೂ ಅಂತಾರಾ?"

"ಅದೇ ನಾನೂ ಹೇಳ್ತಿರೋದು. ಮೂಲೇಲಿರೋ ಸ್ಟೂಲಿಗೂ ಯಾರೂ ಏನೂ ಅನ್ನಲ್ಲ."

ಯಜಮಾನರಿಗೆ ಅರ್ಥವಾಗಲಿಲ್ಲ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೇ ಮುಂದಿನ ಮಾತೂ ಆಡಿದರು. "ಇನ್ಮೇಲೆ ನೀವು ಓದಿದ ಮೇಲೆ ಇವನು ಒಂದ್ಸಲ ಪರದೆ ಮೇಲೆ ಕಣ್ಣಾಡಿಸ್ಲಿ. ನಿಮಗೂ ಭಾರ ಕಮ್ಮಿ ಆಗುತ್ತೆ."

ನನಗೆ ಬ್ರೈಲ್ ಸರಿಯಾಗಿ ಓದಲು ಬಾರದು. ಟೈಪ್ ಮಾಡಿದ್ದನ್ನು ಸಾಫ್ಟ್‌ವೇರ್ ಚುಕ್ಕಿಗೆ ತಿರುಗಿಸುತ್ತದೆ, ಅಷ್ಟೇ. ಅಂಥವನು ಅತ್ತಿಗೆ ಓದಿದ್ದರ ಮೇಲೆ ಕಣ್ಣಾಡಿಸಬೇಕಂತೆ! ಅತ್ತಿಗೆ ಕೂಗಾಡಲಿಲ್ಲ. ಅವರು ಕೂಗಾಡದಿದ್ದರೆ ನನಗೆ ಹೆದರಿಕೆ. ಮೇಜಿನ ಮೇಲಿದ್ದ ಕರಡು ಹಾಳೆಗಳನ್ನು ಜೋಡಿಸಿ ಅಂಚು ತಟ್ಟಿ ಇಟ್ಟರು. "ಮುಂದಿನ ಪುಸ್ತಕ ತಿದ್ದೋದು ನಾನೇ. ನನ್ನ ಕಂಪ್ಯೂಟರಲ್ಲಿ, ನನ್ನ ಹೆಸರಲ್ಲಿ. ನಾನು ಸರಿ ಅಂದ ಮೇಲೆ ಅಚ್ಚು, ಮಧ್ಯೆ ಇನ್ನೊಬ್ಬರ ಕಣ್ಣು ಬೇಡ. ಆಗಲ್ಲ ಅಂದ್ರೆ ಹೇಳಿ, ಶಾಲೆಯವರು ಪಾಠ ಮಾಡೋಕೆ ಕರೀತಾನೇ ಇದ್ದಾರೆ. ಹೋಗ್ತೀನಿ."

ಯಜಮಾನರು ತಲೆ ಕೆರೆದುಕೊಂಡರು. ಮುಂದಿನದು ಮಕ್ಕಳ ವಿಜ್ಞಾನ ಪ್ರಯೋಗಗಳ ಪುಸ್ತಕ. ಆ ಒಂದು ಪುಸ್ತಕಕ್ಕೆ ಹೀಗೆ ಮಾಡಿ ನೋಡೋಣ, ಸರಿಹೋಗದಿದ್ದರೆ ಹಳೆಯ ದಾರಿ ಇದ್ದೇ ಇದೆ ಎಂದು ಒಪ್ಪಿದರು. ಹಳೆಯ ದಾರಿ ಎಂದರೆ ಅತ್ತಿಗೆ ಇಲ್ಲದ ದಾರಿ ಎಂದು ನನಗೆ ಗೊತ್ತಿತ್ತು. ಅವರು ಹೋದರೆ ಆ ಕೋಣೆಯಲ್ಲಿ ನನಗೆ ಒಂದು ದಿನವೂ ಹೊತ್ತು ಹೋಗುತ್ತಿರಲಿಲ್ಲ. ಇದನ್ನು ಅವರ ಮುಂದೆ ಹೇಳಿದರೆ ಜೀವಮಾನವಿಡೀ ಆಡಿಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮಾರನೆಯ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಅತ್ತಿಗೆ, "ಗಿಟ್ ಅನ್ನೋ ಸಾಫ್ಟ್‌ವೇರ್ ಹಾಕ್ಬೇಕು, ಮೂರೂ ಕಂಪ್ಯೂಟರಿಗೆ," ಎಂದರು. ಕಣ್ಣು ಕಾಣದ ಪ್ರೋಗ್ರಾಮರುಗಳ ಒಂದು ಬಳಗದಲ್ಲಿ ಅವರು ಇದ್ದಾರೆ; ಅಲ್ಲಿ ಕೇಳಿಕೊಂಡು ಬಂದಿದ್ದರು. "ಪುಸ್ತಕ ಪೂರ್ತಿಯಾಗಿ ಮೂವರ ಹತ್ರಾನೂ ಇರುತ್ತೆ, ಹಿಂದೆ ಏನೇನು ಬದಲಾಯ್ತು ಅನ್ನೋದರ ಸಮೇತ. ಯಾರು ಯಾವ ಸಾಲು ಮುಟ್ಟಿದ್ರು, ಯಾಕೆ ಮುಟ್ಟಿದ್ರು, ಎಲ್ಲಾ ಹೆಸರಿನ ಜೊತೆ ಉಳಿಯುತ್ತೆ. ಒಬ್ಬರದನ್ನ ಇನ್ನೊಬ್ಬರದಕ್ಕೆ ಸೇರಿಸ್ಕೋಬಹುದು."

"ಮೂರೂ ಬೇರೆ ಬೇರೆ ಜಾತಿ ಕಂಪ್ಯೂಟರು ಅತ್ತಿಗೆ."

"ಮನೇಲಿ ನಾನು, ನಿಮ್ಮಣ್ಣ, ನೀನು ಇಲ್ವಾ? ಹಾಕು ಸುಮ್ನೆ."

ನಿಜಕ್ಕೂ ಮೂರು ಜಾತಿ. ನನ್ನದು ವಿಂಡೋಸ್, ಚುಕ್ಕಿ ಯಂತ್ರ ಅದಕ್ಕೇ ಅಂಟಿಕೊಂಡಿದೆ. ಯಜಮಾನರದು ಅವರು ಹಿಂದೆ ಆಮಂತ್ರಣ ಪತ್ರಿಕೆ ಮಾಡುತ್ತಿದ್ದ ಕಾಲದ ಮ್ಯಾಕ್, ದಿನಾ ಬೆಳಿಗ್ಗೆ ಕೈವಸ್ತ್ರದಲ್ಲಿ ಒರೆಸಿಕೊಳ್ಳುತ್ತಾರೆ. ಅತ್ತಿಗೆಯದು ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್. ಅದು ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ. ಜೊತೆಗೆ ಮುಂದೆ ಒಂದು ಪಟ್ಟಿ, ಅದರಲ್ಲಿ ಸಣ್ಣ ಮೊಳೆಗಳು ಎದ್ದು ಬಿದ್ದು ಒಂದೊಂದೇ ಸಾಲನ್ನು ಬ್ರೈಲಿನಲ್ಲಿ ಬೆರಳಿಗೆ ಕೊಡುತ್ತವೆ.

ಅತ್ತಿಗೆಯ ಲಿನಕ್ಸಿನಲ್ಲಿ ಒಂದು ಸಾಲು ಬರೆದು ಒತ್ತಿದ್ದಷ್ಟೇ, ಗಿಟ್ ಬಂದು ಕೂತಿತು. ಅವರು ಕೈ ಕಟ್ಟಿಕೊಂಡು ಗತ್ತಿನಲ್ಲಿ ಕೂತರು. ಮ್ಯಾಕ್ ನಾನು ಬರೆದದ್ದನ್ನು ಕೇಳಿಸಿಕೊಂಡು, ಮೊದಲು ಬೇರೆ ಒಂದಿಷ್ಟು ಸಲಕರಣೆ ಇಳಿಸಿಕೊಳ್ಳಬೇಕು ಎಂದಿತು. ಅದು ಇಳಿಯುವಷ್ಟರಲ್ಲಿ ಯಜಮಾನರು ಒಂದು ನಿದ್ದೆ ಮುಗಿಸಿದರು. ನನ್ನ ವಿಂಡೋಸ್ ಮಾತ್ರ ಹೆಣ್ಣು ನೋಡಲು ಬಂದವರ ಹಾಗೆ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಹೋಯಿತು. ಬರೆಯಲು ಯಾವ ಎಡಿಟರ್ ಬೇಕು, ಎಲ್ಲಿ ಇಡಬೇಕು, ಮೊದಲ ಕವಲಿಗೆ ಏನು ಹೆಸರು. ಅರ್ಥವಾಗದ ಕಡೆಯೆಲ್ಲ ನಾನು ಮುಂದೆ ಎಂದು ಒತ್ತಿದೆ. ಆಮೇಲೆ ಸಾಲು ಮುಗಿಯುವ ಜಾಗದ ಬಗ್ಗೆ ಒಂದು ಪ್ರಶ್ನೆ ಬಂತು. ಸಾಲಿನ ಕೊನೆಯ ಗುರುತನ್ನು ತಾನು ಬದಲಾಯಿಸಿಕೊಳ್ಳಲೇ, ಅಥವಾ ಇದ್ದ ಹಾಗೇ ಬಿಡಲೇ ಎಂದು ಕೇಳುತ್ತಿತ್ತು. ನಾನು ಗಟ್ಟಿಯಾಗಿ ಓದಿದೆ.

"ಮುಟ್ಟಬೇಡ!" ಎಂದು ಆ ಕಡೆಯಿಂದ ಯಜಮಾನರು, ಈ ಕಡೆಯಿಂದ ಅತ್ತಿಗೆ, ಇಬ್ಬರೂ ಒಟ್ಟಿಗೇ ಕೂಗಿದರು. ನನ್ನ ಬಾಯಲ್ಲೂ ಅದೇ ಇತ್ತು.

ಬೇರೆ ಯಾರೇ ಆಗಿದ್ದರೂ ಆ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳದೆ, ಅದು ತಾನಾಗಿ ತೋರಿಸಿದ್ದ ಉತ್ತರವನ್ನೇ ಒಪ್ಪಿ ಮುಂದೆ ಹೋಗುತ್ತಿದ್ದರು. ನಾವು ಬ್ರೈಲಿನವರು, ನಮಗೆ ಸಾಲಿನ ಕೊನೆ ಎಂದರೆ ಪ್ರಾಣ. ಸಾಲಿಗೆ ಇಷ್ಟೇ ಅಕ್ಷರ, ಪುಟಕ್ಕೆ ಇಷ್ಟೇ ಸಾಲು ಎಂದು ಲೆಕ್ಕ. ಒಂದು ಸಾಲು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿಯದೆ ಜರುಗಿದರೆ ಮುಂದಿನ ಪುಟಗಳೆಲ್ಲ ಜರುಗಿ, ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ. ಹಿಂದೊಮ್ಮೆ ಯಾವುದೋ ಸಾಫ್ಟ್‌ವೇರ್ ಸಾಲುಗಳನ್ನು ತನಗೆ ಬೇಕಾದ ಹಾಗೆ ಜೋಡಿಸಿ ಒಂದು ಕಥೆ ಪುಸ್ತಕವನ್ನೇ ರದ್ದಿಗೆ ಹಾಕಿಸಿತ್ತು. ಹಾಗಾಗಿ ಇದ್ದ ಹಾಗೇ ಬಿಡು ಎಂದು ಒತ್ತಿ, ದೊಡ್ಡ ಗಂಡಾಂತರ ತಪ್ಪಿಸಿದವರಂತೆ ಮೂವರೂ ಉಸಿರು ಬಿಟ್ಟೆವು.

ಕೊನೆಗೆ ಮೂರೂ ಕಡೆ ಹೆಸರು ಹಾಕಬೇಕಿತ್ತು. ಇನ್ನು ಮುಂದೆ ಮಾಡುವ ಒಂದೊಂದು ತಿದ್ದುಪಡಿಯ ಮೇಲೂ ಆ ಹೆಸರು ಬೀಳುತ್ತದೆ. ಯಜಮಾನರು "ಏನೋ ಒಂದು ಹಾಕು" ಎಂದರು. ಅತ್ತಿಗೆ ನನ್ನನ್ನು ಕೀಲಿಮಣೆಯಿಂದ ಪಕ್ಕಕ್ಕೆ ತಳ್ಳಿ, ತಮ್ಮ ಪೂರ್ತಿ ಹೆಸರನ್ನು ಪದವಿ ಸಮೇತ ತಾವೇ ಹೊಡೆದರು. ಕಂಪ್ಯೂಟರ್ ಅದನ್ನು ಓದಿ ಹೇಳಿತು. ಇನ್ನೊಂದು ಸಲ ಓದಿಸಿ ಕೇಳಿದರು.

ನಾನು ಪುಸ್ತಕ ಟೈಪ್ ಮಾಡಿ ಗಿಟ್‌ಗೆ ಹಾಕಿದೆ. ಯಜಮಾನರು ತಮ್ಮ ಕಡೆ ಎಳೆದುಕೊಂಡು ಪುಟ ಹೊಂದಿಸಿ, ಮೊದಲ ಪುಟಗಳನ್ನು ಸೇರಿಸಿ ಕೊಟ್ಟರು. ಅತ್ತಿಗೆ ತಮ್ಮ ಕಡೆ ಎಳೆದುಕೊಂಡು ತಿದ್ದಲು ಕೂತರು. ಯಾರಾದರೂ ಏನಾದರೂ ಬದಲಾಯಿಸಿದರೆ ಇಡೀ ಪುಸ್ತಕ ಮತ್ತೆ ಓದಬೇಕಾಗಿಲ್ಲ, ಬದಲಾದ ಸಾಲು ಮಾತ್ರ ಕೇಳಿದರೆ ಸಾಕು ಎಂಬುದು ಅವರ ದೊಡ್ಡ ಆಸೆ. ಹಳೆಯ ಪದ್ಧತಿಯಲ್ಲಿ ನಾನು ಒಂದು ಪದ ಮುಟ್ಟಿದರೂ, ಬೇರೆ ಎಲ್ಲಿ ಕೈಯಾಡಿಸಿದ್ದೇನೋ ಎಂದು ಮೊದಲಿನಿಂದ ಓದುತ್ತಿದ್ದರು.

ಮೊದಲ ಸಲ ನಾನು ಒಂದು ಪದ ತಿದ್ದಿ ಕಳಿಸಿದೆ. ಅತ್ತಿಗೆ ಏನು ಬದಲಾಗಿದೆ ಎಂದು ಕೇಳಿದರು. ಕಂಪ್ಯೂಟರ್ ಹೇಳತೊಡಗಿತು. ಅಳಿಸಿದ ಸಾಲು, ಅಳಿಸಿದ ಸಾಲು, ಅಳಿಸಿದ ಸಾಲು. ಅದು ಮುಗಿಯುವಂತೆಯೇ ಕಾಣಲಿಲ್ಲ. ಆಮೇಲೆ ಸೇರಿಸಿದ ಸಾಲು, ಸೇರಿಸಿದ ಸಾಲು. ಅವೇ ಸಾಲುಗಳು, ಅವೇ ಪದಗಳು.

"ಏನೋ ಗೊಣಗಪ್ಪ, ಇಡೀ ಪುಸ್ತಕ ಹೊಸದಾಗಿ ಬರೆದ್ಯಾ?"

"ಒಂದೇ ಒಂದು ಪದ ಅತ್ತಿಗೆ. ನಿಮ್ಮಾಣೆ."

"ನನ್ನ ಮೇಲೆ ಆಣೆ ಹಾಕಿ ಸುಳ್ಳು ಹೇಳ್ಬೇಡ."

ಪರದೆಯಲ್ಲಿ ನಾನೂ ನೋಡಿದೆ. ಮೇಲೆಲ್ಲ ಕೆಂಪು, ಕೆಳಗೆಲ್ಲ ಹಸಿರು. ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ಣು ಕಿಸಿದು ನೋಡಿದರೂ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ನಾನು ತಿದ್ದಿದ ಆ ಒಂದು ಪದ ಆ ಜಾತ್ರೆಯಲ್ಲಿ ಎಲ್ಲಿ ಕಳೆದುಹೋಗಿತ್ತೋ. ಅತ್ತಿಗೆ ತಿದ್ದಿದ್ದನ್ನು ನಾನು ಎಳೆದುಕೊಂಡು ಮತ್ತೆ ಉಳಿಸಿದಾಗಲೂ ಅದೇ ಗೋಳು. ಅತ್ತಿಗೆಯ ಹೆಸರಿನಲ್ಲಿದ್ದ ಸಾಲುಗಳೆಲ್ಲ ನನ್ನ ಹೆಸರಿಗೆ, ನನ್ನವು ಅವರ ಹೆಸರಿಗೆ. ಎರಡು ದಿನ ನಾನು ಅದರ ಮುಂದೆ ತಲೆ ಚಚ್ಚಿಕೊಂಡೆ. ಅತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಆ ಅಳಿಸಿದ ಸೇರಿಸಿದ ಪುರಾಣವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದರು, ಮುಖ ಸಣ್ಣದು ಮಾಡಿಕೊಂಡು.

ಯಜಮಾನರು ಎದ್ದು ಬಂದು ಮೆಲ್ಲಗೆ, "ಹೋಗ್ಲಿ ಬಿಡಿ ಅಮ್ಮ, ಯಾಕೆ ಕಷ್ಟ ಪಡ್ತೀರಿ? ಪೆನ್ ಡ್ರೈವ್ ಇದ್ದೇ ಇದೆಯಲ್ಲ," ಎಂದರು.  ಅತ್ತಿಗೆ ಹೆಡ್‌ಫೋನ್ ತೆಗೆದಿಟ್ಟು ಮೊಳೆ ಪಟ್ಟಿಯ ಮೇಲೆ ಬೆರಳಿಟ್ಟರು. ದನಿ ಓದಿ ಹೇಳಿದ್ದನ್ನೇ ಈಗ ಬೆರಳಿನಲ್ಲಿ ಒಂದೊಂದು ಸಾಲಾಗಿ ಓದಿದರು. ಅಳಿಸಿದ ಸಾಲು ಒಂದು ಸಲ, ಸೇರಿಸಿದ ಸಾಲು ಒಂದು ಸಲ. ಬೆರಳು ಸಾಲಿನ ಕೊನೆಗೆ ಹೋಗಿ ನಿಂತಿತು. ಮತ್ತೆ ಹಿಂದಕ್ಕೆ ಬಂತು.

"ಬಾ ಇಲ್ಲಿ. ಕೈ ಕೊಡು."

ನನ್ನ ಬೆರಳು ಹಿಡಿದು ಪಟ್ಟಿಯ ಮೇಲೆ ಎಳೆದರು. "ಇದು ಅಳಿಸಿದ್ದು. ಇಲ್ಲಿಗೆ ಮುಗೀತು, ಆಮೇಲೆ ನುಣ್ಣಗಿದೆ. ಈಗ ಇದು ಸೇರಿಸಿದ್ದು. ಮುಗಿದ ಮೇಲೂ ಏನೋ ಅಂಟ್ಕೊಂಡಿದೆ ನೋಡು, ಬಾಲದ ಹಾಗೆ. ನೀನು ಮುಟ್ಟಿದ ಪ್ರತಿ ಸಾಲಿಗೂ ಈ ಬಾಲ ಇದೆ."

ಇತ್ತು. ಏನೆಂದು ಓದಲು ನನಗೆ ಬರಲಿಲ್ಲ, ಆದರೆ ಬೆರಳಿಗೆ ಚುಚ್ಚಿತು. ಪರದೆಯಲ್ಲಿ ಸಾಲಿನ ಬಲಗಡೆ ಅಷ್ಟು ದೂರ ಹೋಗಿ ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಏನು ಹುಡುಕಬೇಕೆಂದು ಗೊತ್ತಾದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಪ್ರತಿ ಸಾಲು ಮುಗಿದಾಗ ಕಂಪ್ಯೂಟರ್ ಕಣ್ಣಿಗೆ ಕಾಣದ ಒಂದು ಗುರುತು ಇಡುತ್ತದೆ. ಲಿನಕ್ಸೂ ಮ್ಯಾಕೂ ಒಂದು ಗುರುತು ಇಟ್ಟರೆ ವಿಂಡೋಸ್ ಎರಡು ಇಡುತ್ತದೆ. ಯಜಮಾನರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. "ಟೈಪ್‌ರೈಟರ್ ಕಣಯ್ಯಾ! ಗಾಡೀನ ಬಲಗಡೆಗೆ ತಳ್ಳೋದು ಒಂದು, ಹಾಳೇನ ಮೇಲಕ್ಕೆ ತಿರುಗಿಸೋದು ಒಂದು. ಎರಡು ಕೆಲಸ, ಎರಡು ಗುರುತು." ಸಾಲು ಎಲ್ಲಿ ಮುರಿಯಬೇಕೋ ಆ ಜಾಗವನ್ನು ಗಿಟ್ ಮುಟ್ಟುವ ಮಾತೇ ಇರಲಿಲ್ಲ. ಮೂರು ಕಂಪ್ಯೂಟರುಗಳ ಗುರುತನ್ನು ಒಂದೇ ತರಹ ಮಾಡಿಕೊಳ್ಳಲೇ ಎಂದಷ್ಟೇ ಕೇಳಿತ್ತು ಪಾಪದ್ದು. ಕಥೆ ಪುಸ್ತಕ ರದ್ದಿಗೆ ಹೋದ ಭಯದಲ್ಲಿ ನಾವು ಬೇಡ ಎಂದು ಅದರ ಬಾಯಿ ಮುಚ್ಚಿಸಿದ್ದೆವು. ನನ್ನ ಎಡಿಟರ್ ಉಳಿಸಿದಾಗಲೆಲ್ಲ ಜೋಡಿ ಗುರುತು, ಅವರ ಎಡಿಟರ್ ಉಳಿಸಿದಾಗಲೆಲ್ಲ ಒಂಟಿ ಗುರುತು. ಗಿಟ್ ಕಣ್ಣಿಗೆ ಸಾಲೆಲ್ಲ ಹೊಸದು.

ಪುಸ್ತಕದ ಜೊತೆಗೇ ಒಂದು ಚಿಕ್ಕ ಫೈಲ್ ಇಟ್ಟೆವು. ಗಿಟ್ ತನ್ನ ಒಳಗೆ ಒಂಟಿ ಗುರುತೇ ಇಟ್ಟುಕೊಳ್ಳಲಿ, ಅಚ್ಚಿಗೆ ಹೋಗುವ ಫೈಲು ಮೇಜಿಗೆ ಬಂದಾಗ ಚುಕ್ಕಿ ಯಂತ್ರ ಕೇಳುವ ಜೋಡಿ ಗುರುತು ಇರಲಿ, ಉಳಿದದ್ದು ಅವರವರ ಕಂಪ್ಯೂಟರಿಗೆ ಒಗ್ಗಿದ ಹಾಗೆ ಎಂದು ಅದರಲ್ಲಿ ಬರೆದೆವು. ಆ ಫೈಲು ಪುಸ್ತಕದ ಬೆನ್ನಿಗೇ ಮೂರು ಮೇಜಿಗೂ ಹೋಗುತ್ತದೆ, ಯಾವ ಕಂಪ್ಯೂಟರಿನಲ್ಲಿ ನಾನು ಏನು ಒತ್ತಿದ್ದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಸಾಲುಗಳನ್ನೆಲ್ಲ ಒಮ್ಮೆ ಸರಿಪಡಿಸಿ ಹಾಕಿದಾಗ ಇಡೀ ಪುಸ್ತಕ ನನ್ನ ಹೆಸರಿಗೆ ಬಂತು. "ನೋಡಿ ಅತ್ತಿಗೆ, ವಿಜ್ಞಾನಿ ಆಗ್ಬಿಟ್ಟೆ," ಎಂದೆ. "ಒಂದು ದಿನ ಮೆರೆದುಕೋ," ಎಂದರು.

ಆಮೇಲೆ ನಾನು ಒಂದು ಪದ ತಿದ್ದಿ ಕಳಿಸಿದೆ. ಕಂಪ್ಯೂಟರ್ ಒಂದು ಅಳಿಸಿದ ಸಾಲು, ಒಂದು ಸೇರಿಸಿದ ಸಾಲು ಹೇಳಿ ಸುಮ್ಮನಾಯಿತು. ಅತ್ತಿಗೆ ಇನ್ನೂ ಏನಾದರೂ ಹೇಳೀತೆಂದು ಕಿವಿಗೊಟ್ಟು ಕೂತಿದ್ದರು. ಏನೂ ಬರದಿದ್ದಾಗ, "ಇನ್ನೊಂದು ಕಳ್ಸು," ಎಂದರು. ಕಳಿಸಿದೆ. "ಇನ್ನೊಂದು." ಮಧ್ಯಾಹ್ನ ಪೂರ್ತಿ ನಾವು ಇದೇ ಆಟ ಆಡಿದೆವು, ಯಜಮಾನರು ನೋಡಿಯೂ ನೋಡದವರಂತೆ ಇದ್ದರು.

ಅಲ್ಲಿಂದ ಕೆಲಸ ಸರಾಗವಾಗಿ ನಡೆಯಿತು. ನಡುವೆ ಅತ್ತಿಗೆಗೆ ಶೀತವಾಗಿ ಮನೆಯಲ್ಲೇ ಉಳಿದಾಗಲೂ ನಿಲ್ಲಲಿಲ್ಲ. ಪುಸ್ತಕ ಪೂರ್ತಿ ಅವರ ಲ್ಯಾಪ್‌ಟಾಪಿನಲ್ಲೇ ಇತ್ತಲ್ಲ, ಹಾಸಿಗೆಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಾ ತಿದ್ದಿದರು, ಬಂದ ದಿನ ನಮ್ಮದಕ್ಕೆ ಸೇರಿಸಿದರು. ಪ್ರತಿ ತಿದ್ದುಪಡಿಗೂ ಯಾಕೆ ಎಂದು ಒಂದು ಸಾಲು ಬರೆಯಬೇಕಲ್ಲ, ಅಲ್ಲಂತೂ ಅವರ ನಾಲಿಗೆಗೆ ಲಗಾಮಿಲ್ಲ. 'ಗೊಣಗಪ್ಪ ಊಟದ ಯೋಚನೆಯಲ್ಲಿ ಟೈಪ್ ಮಾಡಿದ್ದು' ಎಂದು ಒಂದು ಕಡೆ. 'ಇದು ಚೌಕ ಅಲ್ಲ, ಯಜಮಾನರಿಗೆ ತಿಳಿಸಬೇಕು' ಎಂದು ಇನ್ನೊಂದು ಕಡೆ. ಯಜಮಾನರು ಅದನ್ನು ಓದಿ ಚೌಕವನ್ನು ಸರಿಯಾಗಿ ಬರೆದುಕೊಟ್ಟರು. ಕೊನೆಯ ಕರಡು ಓದಿ ಅತ್ತಿಗೆ ಸರಿ ಎಂದರು, ಮಧ್ಯೆ ಯಾರೂ ಕಣ್ಣಾಡಿಸಲಿಲ್ಲ, ಪುಸ್ತಕ ಅಚ್ಚಿಗೆ ಹೋಯಿತು.

ಪ್ರತಿಗಳನ್ನು ಕಟ್ಟುಕಟ್ಟಿ ಗೋಡೆಗೆ ಒರಗಿಸಿದ್ದೆವು. ಮೊದಲ ಪ್ರತಿ ಶಾಲೆಗೆ ಹೋಗಿತ್ತು. ಟೀಚರ್ ಫೋನ್ ಬಂದಾಗ ಯಜಮಾನರು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು, ಹೊಗಳಿಕೆ ಬಂದೀತೆಂದು.

"ಉಪ್ಪಿನ ಹರಳು ಮಾಡೋ ಪ್ರಯೋಗ ಮಾಡಿಸ್ತಿದ್ದೀನಿ ಸರ್. ಮಕ್ಕಳು ಪುಸ್ತಕ ಓದ್ಕೊಂಡು ಒಂದೊಂದೂ ಸರಿಯಾಗೇ ಮಾಡಿದ್ದಾರೆ. ಹರಳೆಲ್ಲ ಮಣ್ಣು ಮಣ್ಣು. ಮುಟ್ಟಿದ್ರೆ ಮರಳು ಮುಟ್ಟಿದ ಹಾಗಿದೆ. ಎರಡು ಸಲ ಸೋಸ್ಬೇಕಲ್ವಾ? ನಿಮ್ಮ ಪುಸ್ತಕದಲ್ಲಿ ಒಂದೇ ಸಲ ಇದೆ."

ಫೋನಿಟ್ಟ ಕೂಡಲೇ ಯಜಮಾನರು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು.  ನಾನೇ ಆ ಪಾಠದ ಬದಲಾವಣೆಗಳನ್ನು ತೆಗೆದೆ. ಬಟ್ಟೆಯಲ್ಲಿ ಸೋಸಿ ಎಂಬ ಸಾಲು ನಾನು ಟೈಪ್ ಮಾಡಿದಾಗ ಎರಡು ಕಡೆ ಇತ್ತು. ಎರಡನೆಯದನ್ನು ಅತ್ತಿಗೆ ಅಳಿಸಿದ್ದರು. ಪಕ್ಕದಲ್ಲಿ ಅವರ ಪೂರ್ತಿ ಹೆಸರು, ಪದವಿ ಸಮೇತ. 'ಒಂದೇ ಸಾಲು ಎರಡು ಸಲ ಬಂದಿದೆ, ತೆಗೆದಿದ್ದೇನೆ' ಎಂದು ಕಾರಣ.

ಅದನ್ನು ನಾನು ಗಟ್ಟಿಯಾಗಿ ಓದಿ ಹೇಳಲಿಲ್ಲ.  ಅಷ್ಟರಲ್ಲಿ ಅತ್ತಿಗೆಯ ಕಂಪ್ಯೂಟರ್ ಅದೇ ಸಾಲನ್ನು ಗಟ್ಟಿಯಾಗಿ ಹೇಳಿತು, ಹೆಸರಿನ ಸಮೇತ. ಅವರೂ ತೆಗೆದು ನೋಡಿದ್ದರು. ಹೆಡ್‌ಫೋನ್ ಬೇಕೆಂದೇ ಹಾಕಿಕೊಂಡಿರಲಿಲ್ಲ.

"ನಾನೇ ಸರ್," ಎಂದರು.

ಯಜಮಾನರು ಗೋಡೆಗೆ ಒರಗಿಸಿದ್ದ ಕಟ್ಟುಗಳನ್ನು ನೋಡಿದರು. ಆಮೇಲೆ ಸ್ಫೋಟವಾಯಿತು. "ಏನ್ರೀ ಇದು! ಎರಡು ಸಲ ಬಂದ್ರೆ ಅಳಿಸಿಬಿಡೋದಾ? ಮೂಲ ಪುಸ್ತಕ ನೋಡೋಕೇನಾಗಿತ್ತು? ಕೇಳೋಕೆ ಬಾಯಿರಲಿಲ್ವಾ, ಸುಮ್ನಿರೋ ಬಾಯಾ ನಿಮ್ಮದು? ಇಷ್ಟು ಕಟ್ಟು ಬಿಚ್ಚಬೇಕು, ಆ ಹಾಳೆ ಎಲ್ಲಾ ಮತ್ತೆ ಒತ್ತಬೇಕು! ಮಕ್ಕಳು ಮಣ್ಣು ಹಿಡ್ಕೊಂಡು ಕೂತಿದ್ದಾರೆ ಅಲ್ಲಿ!"

ಅಮ್ಮ ಎನ್ನಲಿಲ್ಲ. ದನಿ ಇಳಿಸಲಿಲ್ಲ. ಕೆಳಗಿನ ಬೀಗದ ಅಂಗಡಿಯಲ್ಲಿ ಅರ ಉಜ್ಜುವ ಸದ್ದು ನಿಂತಿತು. ಅತ್ತಿಗೆ ಎದ್ದು ನಿಂತು, ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. "ತಪ್ಪಾಯ್ತು ಸರ್. ಸಾಲು ಈಗಲೇ ವಾಪಸ್ ಹಾಕ್ತೀನಿ. ಕಟ್ಟು ನಾವಿಬ್ರೂ ಬಿಚ್ತೀವಿ."

"ಹಾಕಿ. ಹಾಕಿ ಆ ಪಾಠಾನ ನೀವೇ ಇನ್ನೊಂದು ಸಲ ಓದಿ. ನೀವು ಸರಿ ಅಂದ ಮೇಲೇ ಒತ್ತೋದು," ಎಂದು ಗುಡುಗಿ ಯಜಮಾನರು ಕುರ್ಚಿಗೆ ಹೋಗಿ ಕುಸಿದರು. ನನ್ನನ್ನು ಕಣ್ಣಾಡಿಸು ಎಂದು ಹೇಳುವುದು ಅವರ ತಲೆಗೇ ಬರಲಿಲ್ಲ.

ಸಾಲು ವಾಪಸ್ ಬಂತು, ಅತ್ತಿಗೆ ಪಾಠ ಓದಿದರು, ಸರಿ ಎಂದರು. ನಾನು ಯಂತ್ರ ಶುರು ಮಾಡಿ ಮೊದಲ ಕಟ್ಟಿನ ದಾರ ಬಿಚ್ಚುತ್ತಿದ್ದೆ. ಅತ್ತಿಗೆ ಬಾಗಿಲ ಹತ್ತಿರ ಹೋಗಿ ಅಣ್ಣನಿಗೆ ಫೋನ್ ಮಾಡಿದರು. ಯಂತ್ರದ ಸದ್ದಿಗೆ ಕೂಗಿ ಮಾತಾಡಬೇಕಾಗಿದ್ದರಿಂದ ನನಗೂ ಎಲ್ಲ ಕೇಳಿಸಿತು.

"ರೀ, ಇವತ್ತು ಬರೋದು ತಡ ಆಗುತ್ತೆ. ತಪ್ಪು ಮಾಡಿಬಿಟ್ಟೆ ರೀ. ಯಜಮಾನ್ರು ಹಿಗ್ಗಾಮುಗ್ಗಾ ಬೈದ್ರು. ಇಲ್ಲ, ಅವನಿಗಲ್ಲ, ನನಗೆ! ನನಗೇ ರೀ! ಹ್ಞೂಂ, ಅಳ್ತಿದ್ದೀನಿ. ಅಯ್ಯೋ, ಬೇಜಾರಿಗಲ್ಲ ರೀ, ನೀವೇನೂ ಬರೋದು ಬೇಡ, ಅಡುಗೆಗೆ ಇಡಿ, ನಮ್ಮಿಬ್ಬರಿಗೂ ಹೊಟ್ಟೆ ಹಸಿದಿರುತ್ತೆ."